ಹೃದಯ ನಿಂತ ಮೇಲೆ ಶ್ವಾಸಕೋಶ ದಾನ: ಅದು ಚೆನ್ನಾಗಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತೆ?

2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಿದರು. ಎರಡು ಕಣ್ಣಿನ ಕಾರ್ನಿಯಾಗಳಿಂದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರಗಳಿಂದ, ನಾಲ್ಕು ಜನರಿಗೆ ನೋಟ ಬಂತು. ಅದೇ ವರ್ಷ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡ ಸಂಚಾರಿ ವಿಜಯ್ ಅವರಿಂದ ಕಣ್ಣಷ್ಟೇ ಅಲ್ಲ, ಬೇರೆ ಅಂಗಗಳೂ ದಾನವಾದವು. ಯಾಕೆ ಈ ವ್ಯತ್ಯಾಸ?

ವಿಜಯ್ ಅವರ ಮಿದುಳು ನಿಷ್ಕ್ರಿಯವಾಗಿತ್ತು. ಆದರೆ ವೆಂಟಿಲೇಟರ್ ಸಹಾಯದಿಂದ ಹೃದಯ ಇನ್ನೂ ಬಡಿಯುತ್ತಿತ್ತು, ರಕ್ತ ಓಡಾಡುತ್ತಿತ್ತು. ಪುನೀತ್ ಅವರಲ್ಲಿ ಹೃದಯವೇ ನಿಂತಿತ್ತು. ರಕ್ತ ನಿಂತರೆ ಆಮ್ಲಜನಕ ನಿಲ್ಲುತ್ತೆ. ಆಮ್ಲಜನಕ ಇಲ್ಲದೆ ಕಿಡ್ನಿ, ಲಿವರ್, ಹೃದಯ ಬೇಗ ಕೆಡುತ್ತವೆ. ಕಾರ್ನಿಯಾದಲ್ಲಿ ಮಾತ್ರ ರಕ್ತನಾಳಗಳೇ ಇಲ್ಲ. ಅದು ತನಗೆ ಬೇಕಾದ ಆಮ್ಲಜನಕವನ್ನು ಹೆಚ್ಚಾಗಿ ನೇರವಾಗಿ ಗಾಳಿಯಿಂದಲೇ ತಗೊಳ್ಳುತ್ತೆ. ಹಾಗಾಗಿ ಹೃದಯ ನಿಂತು ಕೆಲವು ಗಂಟೆ ಕಳೆದರೂ ಅದು ಕೆಡುವುದಿಲ್ಲ.

ಹೀಗೆ ಗಾಳಿಯಿಂದಲೇ ಬದುಕಬಲ್ಲ ಇನ್ನೊಂದು ಅಂಗ ನಮ್ಮ ಮೈಯಲ್ಲಿದೆ. ಅದೇ ಶ್ವಾಸಕೋಶ.

ಬಹಳ ಜನ ಈ ದಿಕ್ಕಿನಲ್ಲಿ ಯೋಚಿಸಿರುವುದಿಲ್ಲ. ಉಳಿದ ಅಂಗಗಳಿಗೆ ಆಮ್ಲಜನಕ ರಕ್ತದ ಮೂಲಕವೇ ಬರಬೇಕು. ಶ್ವಾಸಕೋಶದ ಒಳಗಿರುವ ಕೋಟಿಗಟ್ಟಲೆ ಪುಟ್ಟ ಗಾಳಿಗೂಡುಗಳ ಗೋಡೆಗೆ ಮಾತ್ರ ಗಾಳಿ ಸದಾ ತಾಗಿಕೊಂಡೇ ಇರುತ್ತೆ. ಹೃದಯ ನಿಂತ ಕ್ಷಣದಲ್ಲೂ ಆ ಗೂಡುಗಳಲ್ಲಿ ಗಾಳಿ ಉಳಿದಿರುತ್ತೆ. ಅಲ್ಲಿನ ಜೀವಕೋಶಗಳು ಆ ಗಾಳಿಯನ್ನೇ ಬಳಸಿಕೊಂಡು ಇನ್ನೂ ಸ್ವಲ್ಪ ಹೊತ್ತು ಬದುಕಿರುತ್ತವೆ. ಅಮೆರಿಕದ ನಾರ್ತ್ ಕೆರೊಲಿನಾದ ಸರ್ಜನ್ ಥಾಮಸ್ ಈಗನ್ 1990ರ ದಶಕದ ಆರಂಭದಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದರು. ಸತ್ತು ಗಂಟೆಗಳಾದ ನಾಯಿಯ ಶ್ವಾಸಕೋಶವನ್ನು ಇನ್ನೊಂದಕ್ಕೆ ಜೋಡಿಸಿದಾಗಲೂ ಅದು ಕೆಲಸ ಮಾಡಿತು.

ನಿಜ ಹೇಳಬೇಕೆಂದರೆ ಮನುಷ್ಯರಲ್ಲಿ ನಡೆದ ಮೊಟ್ಟಮೊದಲ ಶ್ವಾಸಕೋಶ ಕಸಿಯೇ ಹೀಗೆ ಆಗಿದ್ದು. 1963ರ ಜೂನ್ 11ರಂದು ಅಮೆರಿಕದ ಮಿಸಿಸಿಪಿಯಲ್ಲಿ ಜೇಮ್ಸ್ ಹಾರ್ಡಿ ಆ ಕಸಿ ಮಾಡಿದಾಗ ದಾನಿ ಹೃದಯಾಘಾತದಿಂದ ತೀರಿಕೊಂಡಿದ್ದವರು. ಆಗಿನ್ನೂ ‘ಮಿದುಳಿನ ಸಾವು’ ಎಂಬ ವೈದ್ಯಕೀಯ ವ್ಯಾಖ್ಯೆಯೇ ಬಂದಿರಲಿಲ್ಲ. ರೋಗಿ 18 ದಿನ ಬದುಕಿದ್ದರು. 1968ರಲ್ಲಿ ಹಾರ್ವರ್ಡ್ ಸಮಿತಿ ಮಿದುಳಿನ ಸಾವಿನ ಲಕ್ಷಣಗಳನ್ನು ಗುರುತಿಸಿ ಬರೆದ ಮೇಲೆ ಹೃದಯ ಬಡಿಯುತ್ತಿರುವ ದಾನಿಗಳ ಕಡೆಗೇ ಎಲ್ಲರೂ ಹೊರಳಿದರು. ಹೃದಯ ನಿಂತ ದಾನಿಗಳನ್ನು ಮೂವತ್ತು ವರ್ಷ ಹೆಚ್ಚುಕಡಿಮೆ ಮರೆತೇಬಿಟ್ಟರು.

ಮತ್ತೆ ಅತ್ತ ತಿರುಗಿದ್ದು ಕೊರತೆಯಿಂದ. ದಾನಿಗಳು ಸಿಕ್ಕರೂ ಅವರೆಲ್ಲರ ಶ್ವಾಸಕೋಶ ಬಳಸಲು ಆಗುವುದಿಲ್ಲ. ಸುಮಾರು ಐವರಲ್ಲಿ ಒಬ್ಬರದು ಮಾತ್ರ ಕಸಿಗೆ ಬರುತ್ತಿತ್ತು. ಯಾಕಂದರೆ ಇದು ಹೊರಗಿನ ಗಾಳಿಗೆ ತೆರೆದುಕೊಂಡ ಅಂಗ. ವೆಂಟಿಲೇಟರ್ ಮೇಲಿದ್ದರೆ ಸೋಂಕು ತಗಲುತ್ತೆ. ಜಾಸ್ತಿ ದ್ರವ ಕೊಟ್ಟರೆ ನೀರು ತುಂಬುತ್ತೆ. ಇದರ ಜೊತೆಗೆ ಮಿದುಳು ಸಾಯುವಾಗ ಮೈಯಲ್ಲಿ ಅಡ್ರಿನಲಿನ್‌ನಂಥ ರಾಸಾಯನಿಕಗಳು ಒಮ್ಮೆಲೇ ಉಕ್ಕುತ್ತವೆ. ರಕ್ತದೊತ್ತಡ ಸರ್ರನೆ ಏರುತ್ತೆ, ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳು ಸೋರತೊಡಗುತ್ತವೆ. ಹೃದಯ ನಿಂತು ತೀರಿಕೊಂಡ ದಾನಿಯಲ್ಲಿ ಸಾಮಾನ್ಯವಾಗಿ ಈ ಬಿರುಗಾಳಿ ಎದ್ದಿರುವುದಿಲ್ಲ. ಈ ಒಂದು ವಿಷಯದಲ್ಲಿ ಅವರ ಶ್ವಾಸಕೋಶ ಮಿದುಳು ನಿಷ್ಕ್ರಿಯರಾದವರದ್ದಕ್ಕಿಂತ ಸುರಕ್ಷಿತ.

ಹಾಗಾದರೆ ತೊಡಕೆಲ್ಲಿದೆ? ತೊಡಕಿರುವುದು ಕೊನೆಯ ಒಂದು ಗಂಟೆಯಲ್ಲಿ.

ಹೃದಯ ನಿಂತ ಮೇಲಿನ ದಾನದಲ್ಲಿ ಎರಡು ಬಗೆ. ಒಂದು, ಹಠಾತ್ತಾಗಿ ಹೃದಯ ನಿಂತು, ಎದೆ ಒತ್ತಿ ಎಷ್ಟು ಪ್ರಯತ್ನಿಸಿದರೂ ಉಳಿಯದವರು. ಸ್ಪೇನ್‌ನ ಮ್ಯಾಡ್ರಿಡ್‌ನಲ್ಲಿ ಇಂಥವರಿಂದ 2002ರಿಂದಲೇ ಶ್ವಾಸಕೋಶ ಪಡೆಯುತ್ತಿದ್ದಾರೆ. ಇನ್ನೊಂದು ಐಸಿಯುನಲ್ಲಿ ನಡೆಯುವಂಥದ್ದು. ರೋಗಿಗೆ ಮಿದುಳಿನ ಸಾವು ಆಗಿಲ್ಲ, ಆದರೆ ಚೇತರಿಕೆಯ ಆಸೆಯೂ ಇಲ್ಲ. ಇನ್ನು ವೆಂಟಿಲೇಟರ್ ಮುಂದುವರಿಸುವುದು ಬೇಡ ಎಂದು ವೈದ್ಯರೂ ಮನೆಯವರೂ ಸೇರಿ ತೀರ್ಮಾನಿಸುತ್ತಾರೆ. ಈ ತೀರ್ಮಾನ ಆಗುವಾಗ ಕಸಿಯ ತಂಡ ಹತ್ತಿರವೂ ಸುಳಿಯುವಂತಿಲ್ಲ. ದಾನದ ಮಾತು ಅದಾದ ಮೇಲೆಯೇ. ಇಂದು ಹೆಚ್ಚಿನ ದೇಶಗಳಲ್ಲಿ ನಡೆಯುವುದು ಈ ಎರಡನೆಯ ಬಗೆ.

ವೆಂಟಿಲೇಟರ್ ತೆಗೆಯುವ ಮೊದಲು ಶ್ವಾಸಕೋಶವನ್ನು ಚೆನ್ನಾಗಿ ನೋಡಬಹುದು. ದಾನಿಯ ವಯಸ್ಸೆಷ್ಟು, ಸಿಗರೇಟು ಸೇದುತ್ತಿದ್ದರಾ ಎಂದು ಕೇಳುತ್ತಾರೆ. ಎಕ್ಸ್‌ರೇ, ಸಿಟಿ ಸ್ಕ್ಯಾನ್ ಮಾಡುತ್ತಾರೆ. ಬ್ರಾಂಕೋಸ್ಕೋಪ್ ಎಂಬ ತೆಳು ಕೊಳವೆಯ ಕ್ಯಾಮೆರಾ ಇಳಿಸಿ ಕಫ, ಕೀವು ಇದೆಯಾ ನೋಡುತ್ತಾರೆ. ಪೂರ್ತಿ ಆಮ್ಲಜನಕ ಕೊಟ್ಟು ರಕ್ತದಲ್ಲಿ ಅದರ ಒತ್ತಡ ಎಷ್ಟಿದೆ ಎಂದು ಅಳೆಯುತ್ತಾರೆ. ಅದು ಪಾದರಸದ ಅಳತೆಯಲ್ಲಿ 300 ಮಿಲಿಮೀಟರಿಗಿಂತ ಮೇಲಿದ್ದರೆ ಒಳ್ಳೆಯ ಶ್ವಾಸಕೋಶ ಎಂಬುದು ಹಳೆಯ ಲೆಕ್ಕ.

ಆಮೇಲೆ ವೆಂಟಿಲೇಟರ್ ತೆಗೆಯುತ್ತಾರೆ. ಕೆಲವರ ಹೃದಯ ಹತ್ತೇ ನಿಮಿಷದಲ್ಲಿ ನಿಲ್ಲುತ್ತೆ, ಕೆಲವರದು ಗಂಟೆಗಟ್ಟಲೆ ನಿಲ್ಲುವುದಿಲ್ಲ. ಗೊತ್ತುಪಡಿಸಿದ ಹೊತ್ತಿನೊಳಗೆ ನಿಲ್ಲದಿದ್ದರೆ ದಾನವನ್ನು ಕೈಬಿಡುತ್ತಾರೆ. ಎಷ್ಟು ಹೊತ್ತು ಕಾಯಬೇಕು ಎಂಬುದು ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಥರ. ಕಾಯುವ ಈ ಹೊತ್ತಿನಲ್ಲಿ ರಕ್ತದೊತ್ತಡ ಇಳಿಯುತ್ತಾ ಹೋಗುತ್ತೆ, ಉಸಿರು ಕುಗ್ಗುತ್ತೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸನಾಳಕ್ಕೆ ಇಳಿಯಬಹುದು. ಹರಿವು ನಿಧಾನವಾಗಿ ರಕ್ತ ಹೆಪ್ಪುಗಟ್ಟಬಹುದು. ಹೃದಯ ನಿಂತ ಮೇಲೆ ಇನ್ನೂ ಕೆಲವು ನಿಮಿಷ ಯಾರೂ ಮುಟ್ಟುವಂತಿಲ್ಲ. ಬಹಳ ಕಡೆ ಇದು ಐದು ನಿಮಿಷ. ಹೃದಯ ತಾನಾಗಿ ಮತ್ತೆ ಬಡಿಯುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಈ ಕಾಯುವಿಕೆ. ಅದಾದ ಮೇಲೆ ಸಾವನ್ನು ಘೋಷಿಸುತ್ತಾರೆ. ಆಮೇಲಷ್ಟೇ ಮತ್ತೆ ಕೊಳವೆ ಹಾಕಿ ಶ್ವಾಸಕೋಶಕ್ಕೆ ಗಾಳಿ ತುಂಬಿ, ಎದೆ ತೆರೆದು, ತಣ್ಣನೆಯ ದ್ರಾವಣ ಹರಿಸಿ ರಕ್ತವನ್ನು ತೊಳೆಯುತ್ತಾರೆ. ಆ ದ್ರಾವಣವನ್ನು ಮೊದಲು ರಕ್ತ ಹೋಗುವ ದಿಕ್ಕಿನಲ್ಲಿ, ಆಮೇಲೆ ಹಿಂದುಮುಂದಾಗಿ ಹರಿಸುತ್ತಾರೆ. ಹೀಗೆ ತಿರುಗಿಸಿ ಹರಿಸಿದಾಗ ಸಣ್ಣ ಹೆಪ್ಪುಗಳಿದ್ದರೆ ಹೊರಗೆ ಬರುತ್ತವೆ.

ಈಗ ಸರ್ಜನ್ ಕೈಯಲ್ಲಿ ಶ್ವಾಸಕೋಶ ಇದೆ. ಮಿದುಳು ನಿಷ್ಕ್ರಿಯರಾದ ದಾನಿಯಲ್ಲಿ ಆಗಿದ್ದರೆ ಎದೆ ತೆರೆದ ಮೇಲೂ ರಕ್ತ ಓಡುತ್ತಿರುತ್ತಿತ್ತು. ಶ್ವಾಸಕೋಶದ ಒಂದೊಂದು ಭಾಗದಿಂದ ಹೊರಬರುವ ರಕ್ತವನ್ನು ಬೇರೆಬೇರೆಯಾಗಿ ತೆಗೆದು, ಯಾವ ಭಾಗ ಚೆನ್ನಾಗಿದೆ, ಯಾವುದು ಕೆಟ್ಟಿದೆ ಎಂದು ಅಲ್ಲೇ ಅಳೆಯಬಹುದಿತ್ತು. ಇಲ್ಲಿ ರಕ್ತವೇ ನಿಂತಿದೆ. ಒಂದು ಗಂಟೆ ಹಿಂದೆ ಚೆನ್ನಾಗಿತ್ತು ಎನ್ನುವುದಷ್ಟೇ ಗೊತ್ತು. ಈಗ ಹೇಗಿದೆ ಎಂದು ಹೇಳುವ ಅಂಕಿ ಒಂದೂ ಇಲ್ಲ. ಉಳಿದದ್ದು ಕಣ್ಣು ಮತ್ತು ಕೈ.

ಕಣ್ಣು, ಕೈ ಕಡಿಮೆ ಏನಲ್ಲ. ಒಳ್ಳೆಯ ಶ್ವಾಸಕೋಶ ಹಗುರವಾಗಿ, ಮೆತ್ತಗೆ ಇರುತ್ತೆ. ನೀರು ಕುಡಿದ ಭಾಗ ನೆಂದ ಸ್ಪಂಜಿನ ಹಾಗೆ ಭಾರ. ಊದಿದ ಬಲೂನು ಬಾಯಿ ಬಿಟ್ಟ ತಕ್ಷಣ ಕುಸಿಯುತ್ತಲ್ವಾ, ಗಾಳಿಯ ಕೊಳವೆ ಬಿಡಿಸಿದ ಕೂಡಲೇ ಶ್ವಾಸಕೋಶವೂ ಹಾಗೇ ಕುಸಿಯಬೇಕು. ಉಬ್ಬಿದ್ದು ಉಬ್ಬಿದ ಹಾಗೇ ನಿಂತರೆ ಒಳಗೆ ನೀರೋ ಉರಿಯೂತವೋ ಇದೆ ಎಂದು ಅರ್ಥ. ಅನುಭವಿ ಸರ್ಜನ್‌ಗಳು ಈ ಪರೀಕ್ಷೆಯನ್ನು ಬಹಳ ನಂಬುತ್ತಾರೆ. ಬಹಳ ಕೇಂದ್ರಗಳು ಇಷ್ಟರಿಂದಲೇ ಸಮಾಧಾನಪಟ್ಟು ನೇರವಾಗಿ ಕಸಿ ಮಾಡುತ್ತವೆ, ಫಲಿತಾಂಶವೂ ಚೆನ್ನಾಗಿರುತ್ತೆ. ಆದರೆ ಅನುಮಾನ ಬಂದಾಗ ಏನು ಮಾಡಬೇಕು? ಹೊತ್ತು ಜಾಸ್ತಿ ಆಗಿದೆ, ಎಕ್ಸ್‌ರೇಯಲ್ಲಿ ಏನೋ ಮಬ್ಬಿದೆ, ಕೈಗೆ ಒಂದು ಕಡೆ ಭಾರ ಅನ್ನಿಸುತ್ತಿದೆ. ಹಿಂದಿನ ಕಾಲದಲ್ಲಿ ಅನುಮಾನ ಎಂದರೆ ಬೇಡ ಎಂದೇ ಅರ್ಥ.

ಸ್ವೀಡನ್‌ನ ಲುಂಡ್‌ನಲ್ಲಿ ಸ್ಟಿಗ್ ಸ್ಟೇನ್ ಎಂಬ ಸರ್ಜನ್ ಇದಕ್ಕೆ ಇನ್ನೊಂದು ಉತ್ತರ ಹುಡುಕಿದರು. ದೇಹದೊಳಗೆ ಅಳೆಯಲು ಆಗದಿದ್ದರೆ ಹೊರಗೆ ತಂದು ಅಳೆಯೋಣ ಎಂಬುದು ಅವರ ಯೋಚನೆ. 2000ದಲ್ಲಿ, ಹೃದಯಾಘಾತದಿಂದ ತೀರಿಕೊಂಡ ಒಬ್ಬರ ಶ್ವಾಸಕೋಶವನ್ನು ಹೊರತೆಗೆದು ಯಂತ್ರಕ್ಕೆ ಜೋಡಿಸಿದರು. ಅದು ಕೆಲಸ ಮಾಡುತ್ತಿದೆ ಎಂದು ಕಣ್ಣಾರೆ ನೋಡಿ, ಆಮೇಲೆ ಬಲ ಶ್ವಾಸಕೋಶವನ್ನು 54 ವರ್ಷದ ಮಹಿಳೆಗೆ ಕಸಿ ಮಾಡಿದರು. 2001ರಲ್ಲಿ ಅದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಯಂತ್ರದಲ್ಲಿ ಹರಿಸಲು ಅವರು ತಯಾರಿಸಿದ ದ್ರಾವಣಕ್ಕೆ ಇಂದೂ ಅವರದೇ ಹೆಸರು, ಸ್ಟೇನ್ ಸಲ್ಯೂಷನ್.

ಈ ದ್ರಾವಣದ ಗುಟ್ಟು ತಿಳಿದರೆ ಅರ್ಧ ವಿಷಯ ತಿಳಿದ ಹಾಗೆ. ಸುಮ್ನೆ ಸಲೈನ್ ಹರಿಸಿದರೆ ಅದು ನಾಳಗಳಿಂದ ಸೋರಿ ಗಾಳಿಗೂಡುಗಳಿಗೆ ಇಳಿಯುತ್ತೆ, ಶ್ವಾಸಕೋಶ ನೆಂದುಹೋಗುತ್ತೆ. ಸ್ಟೇನ್ ದ್ರಾವಣದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಮತ್ತು ಡೆಕ್ಸ್‌ಟ್ರಾನ್ ಎಂಬ, ಸಕ್ಕರೆ ಅಣುಗಳ ಉದ್ದ ಸರಪಳಿ ಇವೆ. ಇವು ನೀರನ್ನು ನಾಳದ ಒಳಗೇ ಹಿಡಿದಿಡುತ್ತವೆ. ಡೆಕ್ಸ್‌ಟ್ರಾನ್ ನಾಳದ ಒಳಗೋಡೆಗೆ ತೆಳು ಲೇಪನದ ಹಾಗೆ ಕೂತು ಅದನ್ನು ಕಾಪಾಡುತ್ತೆ.

ಕೆನಡಾದ ಟೊರೊಂಟೊದಲ್ಲಿ ಶಾಫ್ ಕೇಶವ್ಜೀ, ಮಾರ್ಸೆಲೊ ಸೈಪೆಲ್ ಮತ್ತು ಜೊತೆಗಾರರು ಈ ವಿಧಾನವನ್ನು ಬೆಳೆಸಿದರು. ಗಾಜಿನಂತೆ ಪಾರದರ್ಶಕವಾದ ಗುಮ್ಮಟದೊಳಗೆ ಶ್ವಾಸಕೋಶ ಮಲಗಿರುತ್ತೆ. ತಣ್ಣಗಿದ್ದದ್ದನ್ನು ನಿಧಾನವಾಗಿ ಮೈಯ ಬಿಸಿಗೆ, ಅಂದರೆ 37 ಡಿಗ್ರಿಗೆ ತರುತ್ತಾರೆ. ದ್ರಾವಣದ ಹರಿವನ್ನೂ ಹಂತಹಂತವಾಗಿ ಹೆಚ್ಚಿಸುತ್ತಾರೆ. ಹೃದಯ ಸಾಮಾನ್ಯವಾಗಿ ಕಳಿಸುವ ರಕ್ತದ ಶೇ. 40ರಷ್ಟಾದಾಗ ನಿಲ್ಲಿಸುತ್ತಾರೆ. ಪೂರ್ತಿ ಹರಿವು ಕೊಟ್ಟರೆ ಸೋರುವ ಭಯ. ವೆಂಟಿಲೇಟರ್ ನಿಮಿಷಕ್ಕೆ ಏಳೇ ಸಲ ಮೆಲ್ಲಗೆ ಉಸಿರು ತುಂಬುತ್ತೆ. ಯಾರ ಎದೆಯೂ ಇಲ್ಲದೆ ಶ್ವಾಸಕೋಶ ಒಂದೇ ಏರುತ್ತಾ ಇಳಿಯುತ್ತಾ ಇರುತ್ತೆ. ಆ ವಿಡಿಯೊವನ್ನು ಮೊದಲ ಸಲ ನೋಡಿದಾಗ ನನಗೆ ಕಣ್ಣು ಕೀಳಲು ಆಗಿರಲಿಲ್ಲ.

ನಾಲ್ಕರಿಂದ ಆರು ಗಂಟೆ ಹೀಗೆ ಇಟ್ಟು ಗಂಟೆಗೊಮ್ಮೆ ಪರೀಕ್ಷೆ ಮಾಡುತ್ತಾರೆ. ದ್ರಾವಣದ ಆಮ್ಲಜನಕವನ್ನು ಯಂತ್ರವೇ ಮೊದಲು ತೆಗೆದುಬಿಡುತ್ತೆ. ಶ್ವಾಸಕೋಶ ಅದಕ್ಕೆ ಮತ್ತೆ ಎಷ್ಟು ಆಮ್ಲಜನಕ ಸೇರಿಸಿತು ಎಂದು ಅಳೆಯುತ್ತಾರೆ. ನಾಳಗಳಲ್ಲಿ ಒತ್ತಡ ಏರುತ್ತಿದೆಯಾ, ಗಾಳಿ ತುಂಬಲು ಎಷ್ಟು ಬಲ ಬೇಕು, ಎಕ್ಸ್‌ರೇ ಹೇಗಿದೆ, ಬ್ರಾಂಕೋಸ್ಕೋಪ್‌ನಲ್ಲಿ ನೊರೆ ಕಾಣುತ್ತಾ, ಎಲ್ಲವನ್ನೂ ನೋಡುತ್ತಾರೆ.

ಇಲ್ಲೊಂದು ಸೂಕ್ಷ್ಮ ಇದೆ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾಗಿದ್ದು ಇದೇ. ಶ್ವಾಸಕೋಶ ಚೆನ್ನಾಗಿದೆಯಾ ಎಂದು ತಿಳಿಯಲು ಆಮ್ಲಜನಕದ ಅಂಕಿ ಸಾಕಲ್ವಾ ಎಂದು ಯಾರಿಗಾದರೂ ಅನ್ನಿಸುತ್ತೆ. ಆದರೆ ಯಂತ್ರದಲ್ಲಿ ಆ ಅಂಕಿ ಮೋಸ ಮಾಡಬಹುದು.

ಬಸ್ಸಿನ ಲೆಕ್ಕದಲ್ಲಿ ಹೇಳುತ್ತೇನೆ. ರಕ್ತ ಅಂದರೆ 40 ಸೀಟಿನ ಹತ್ತು ಬಸ್ಸು ಅಂದುಕೊಳ್ಳಿ. ಸೀಟು ಅಂದರೆ ಕೆಂಪು ರಕ್ತಕಣಗಳಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್. ಪ್ರಯಾಣಿಕರು ಅಂದರೆ ಆಮ್ಲಜನಕ. ನಾವು ಅಳೆಯುವ ಆಮ್ಲಜನಕದ ಒತ್ತಡ ಕೂತವರನ್ನು ಎಣಿಸುವುದಿಲ್ಲ, ನಿಂತವರನ್ನು ಮಾತ್ರ ಎಣಿಸುತ್ತೆ. ಎಂಟು ಬಸ್ಸು ಶ್ವಾಸಕೋಶದ ಒಳ್ಳೆಯ ಭಾಗದಿಂದ ಬಂದವು. ಸೀಟೆಲ್ಲ ಭರ್ತಿ, ಪ್ರತಿ ಬಸ್ಸಿನಲ್ಲೂ ಇನ್ನೂ ನಾಲ್ವರು ನಿಂತಿದ್ದಾರೆ. ಅಂದರೆ ಒಟ್ಟು 32 ಜನ ನಿಂತವರು. ಎರಡು ಬಸ್ಸು ಕೆಟ್ಟ ಭಾಗದಿಂದ ಬಂದವು. ಅವುಗಳಲ್ಲಿ ತಲಾ ಹತ್ತು ಸೀಟು ಖಾಲಿ. ಎಲ್ಲ ಬಸ್ಸೂ ಒಂದೇ ನಿಲ್ದಾಣಕ್ಕೆ ಬಂದ ಕೂಡಲೇ ನಿಂತವರು ಓಡಿ ಹೋಗಿ ಆ 20 ಸೀಟು ಹಿಡಿಯುತ್ತಾರೆ. ಇನ್ನು ನಿಂತವರು 12 ಜನ, ಅಂದರೆ ಬಸ್ಸಿಗೆ ಒಬ್ಬರಿಗಿಂತ ಚೂರು ಜಾಸ್ತಿ. ನಾಲ್ಕು ಇದ್ದದ್ದು ಒಂದಕ್ಕೆ ಬಂತು. ಕೆಟ್ಟದ್ದು ಹತ್ತರಲ್ಲಿ ಎರಡೇ ಪಾಲು, ಆದರೂ ಅಂಕಿ ಧಡಕ್ಕನೆ ಬಿತ್ತು. ಹಾಗಾಗಿ ರಕ್ತದಲ್ಲಿ ಈ ಅಂಕಿ ಒಳ್ಳೆಯ ಕಾವಲುಗಾರ.

ಟೊರೊಂಟೊ ವಿಧಾನದ ದ್ರಾವಣದಲ್ಲಿ ರಕ್ತಕಣಗಳೇ ಇಲ್ಲ. ಅಂದರೆ ಸೀಟೇ ಇಲ್ಲದ ಲಾರಿಗಳು, ಎಲ್ಲರೂ ನಿಂತೇ ಬರಬೇಕು. ಎಂಟು ಲಾರಿಯಲ್ಲಿ ತಲಾ ನಾಲ್ವರು, ಎರಡು ಹೆಚ್ಚುಕಡಿಮೆ ಖಾಲಿ. ಬೆರೆಸಿದರೆ ಲಾರಿಗೆ ಮೂರು ಚಿಲ್ಲರೆ. ನಾಲ್ಕು ಇದ್ದದ್ದು ಮೂರಕ್ಕೆ ಇಳಿದರೆ ಯಾರಿಗೂ ಗಾಬರಿ ಆಗುವುದಿಲ್ಲ. ಐದರಲ್ಲಿ ಒಂದು ಪಾಲು ಶ್ವಾಸಕೋಶ ಕೆಟ್ಟಿದ್ದರೂ ಅಂಕಿ ಚೆನ್ನಾಗಿಯೇ ಕಾಣುತ್ತೆ. ಟೊರೊಂಟೊ ತಂಡ ಹಂದಿಗಳ ಶ್ವಾಸಕೋಶದ ಮೇಲೆ ಪ್ರಯೋಗ ಮಾಡಿ ಇದನ್ನೇ ಕಂಡುಕೊಂಡಿತು. ಕೆಡುತ್ತಿರುವ ಶ್ವಾಸಕೋಶ ಮೊದಲು ಗಡುಸಾಗುತ್ತೆ. ಉಬ್ಬಿಸಲು ಜಾಸ್ತಿ ಬಲ ಬೇಕಾಗುತ್ತೆ. ಆಮ್ಲಜನಕ ಬೀಳುವುದು ತಡವಾಗಿ. ಹಾಗಾಗಿ ಮೊದಲ ಗಂಟೆಗಿಂತ ನಾಲ್ಕನೆಯ ಗಂಟೆಯಲ್ಲಿ ಅದು ಎಷ್ಟು ಮೆತ್ತಗಿದೆ ಎನ್ನುವುದು ಮುಖ್ಯ. ಒಂದು ಅಂಕಿಗಿಂತ ಅದು ಯಾವ ಕಡೆ ಸಾಗುತ್ತಿದೆ ಎನ್ನುವುದು ಮುಖ್ಯ. ಲುಂಡ್ ವಿಧಾನದಲ್ಲಿ ದ್ರಾವಣಕ್ಕೆ ಕೆಂಪು ರಕ್ತಕಣ ಸೇರಿಸುತ್ತಾರೆ. ಅಲ್ಲಿ ಸೀಟುಗಳು ಇರುತ್ತವೆ, ಹಾಗಾಗಿ ಆಮ್ಲಜನಕದ ಅಂಕಿಯನ್ನು ಬೇರೆ ರೀತಿ ಓದಬೇಕಾಗುತ್ತೆ. ದ್ರಾವಣದಲ್ಲಿ ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-8 ಎಂಬ ಉರಿಯೂತದ ಗುರುತುಗಳನ್ನು ಅಳೆದು ಇನ್ನೂ ಬೇಗ ಹೇಳಬಹುದಾ ಎಂಬ ಸಂಶೋಧನೆಯೂ ನಡೆದಿದೆ.

ಇಷ್ಟೆಲ್ಲ ಮಾಡಿ ಫಲ ಸಿಕ್ಕಿತಾ? 2011ರಲ್ಲಿ ಟೊರೊಂಟೊ ತಂಡ ತನ್ನ ಫಲಿತಾಂಶ ಪ್ರಕಟಿಸಿತು. ಅನುಮಾನವಿದ್ದ 23 ದಾನಿಗಳ ಶ್ವಾಸಕೋಶಗಳನ್ನು ಯಂತ್ರಕ್ಕೆ ಹಾಕಿದಾಗ 20 ಪಾಸಾಗಿ ಕಸಿಯಾದವು. ಕಸಿಯಾಗಿ ಮೂರು ದಿನಕ್ಕೆ ಗಂಭೀರ ತೊಂದರೆ ಕಂಡದ್ದು ಈ ಗುಂಪಿನಲ್ಲಿ ಶೇ. 15ರಷ್ಟು, ಮಾಮೂಲಿ ಕಸಿಯ ಗುಂಪಿನಲ್ಲಿ ಶೇ. 30ರಷ್ಟು. ಸಣ್ಣ ಗುಂಪು ಆದ್ದರಿಂದ ಯಂತ್ರವೇ ಉತ್ತಮ ಎಂದು ಇದರಿಂದ ಹೇಳಲಾಗದು, ಆದರೆ ಮಾಮೂಲಿಗಿಂತ ಕೆಟ್ಟದ್ದೇನೂ ಆಗಲಿಲ್ಲ. ಬ್ರಿಟನ್‌ನ ‘ಡೆವಲಪ್’ ಅಧ್ಯಯನದಲ್ಲಿ ಕಥೆ ಬೇರೆ ಆಯಿತು. ಅಲ್ಲಿ 53 ಶ್ವಾಸಕೋಶಗಳನ್ನು ಪರೀಕ್ಷಿಸಿದರೆ 18 ಮಾತ್ರ ಬಳಕೆಗೆ ಬಂದವು. ಪಡೆದವರು ಐಸಿಯುನಲ್ಲಿ ಜಾಸ್ತಿ ದಿನ ಇರಬೇಕಾಯಿತು. ಯಂತ್ರದ ಹಿಂದಿನ ಯೋಚನೆ ಒಂದೇ ಆದರೂ ಅದಕ್ಕೆ ಎಂಥ ಶ್ವಾಸಕೋಶ ಕೊಡುತ್ತೇವೆ, ಯಾವ ವಿಧಾನ ಅನುಸರಿಸುತ್ತೇವೆ, ಯಾರು ನೋಡುತ್ತಿದ್ದಾರೆ ಎಂಬುದರ ಮೇಲೆ ಬಹಳ ನಿಂತಿದೆ. ಈ ಎರಡು ಫಲಿತಾಂಶಗಳನ್ನು ಜೊತೆಗಿಟ್ಟೇ ಓದಬೇಕು ಎಂಬುದು ನನ್ನ ಅಭಿಪ್ರಾಯ.

ಹೃದಯ ನಿಂತ ದಾನಿಗಳ ವಿಷಯದಲ್ಲಿ ಮಾತ್ರ ಉತ್ತರ ಹೆಚ್ಚು ಸ್ಪಷ್ಟ. 2015ರಲ್ಲಿ ಬಂದ ಅಂತರರಾಷ್ಟ್ರೀಯ ದಾಖಲೆಯಲ್ಲಿ ಇಂಥ 306 ಕಸಿಗಳನ್ನು ಮಿದುಳು ನಿಷ್ಕ್ರಿಯ ದಾನಿಗಳ ಸುಮಾರು ನಾಲ್ಕು ಸಾವಿರ ಕಸಿಗಳ ಜೊತೆ ಹೋಲಿಸಿದರು. ಒಂದು ವರ್ಷದ ನಂತರ ಬದುಕಿದ್ದವರು ಕ್ರಮವಾಗಿ ಶೇ. 89 ಮತ್ತು ಶೇ. 88. ಐದು ವರ್ಷದ ನಂತರ ಎರಡೂ ಕಡೆ ಶೇ. 61. ಇಂಥ ಶ್ವಾಸಕೋಶ ಎರಡನೇ ದರ್ಜೆಯದು ಎಂಬ ಹಳೆಯ ಅಂಜಿಕೆಗೆ ಈ ಅಂಕಿಗಳಲ್ಲಿ ಆಧಾರವಿಲ್ಲ.

ನಮ್ಮಲ್ಲಿ? ಭಾರತದ 1994ರ ಅಂಗಾಂಗ ಕಸಿ ಕಾಯ್ದೆ ಮಿದುಳುಕಾಂಡದ ಸಾವನ್ನು ಒಪ್ಪಿತು. ನಾಲ್ವರು ವೈದ್ಯರು ಆರು ಗಂಟೆಯ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಸಹಿ ಹಾಕಬೇಕು. ಕರ್ನಾಟಕದಲ್ಲಿ ‘ಜೀವಸಾರ್ಥಕತೆ’ ಸಂಸ್ಥೆ ಹಂಚಿಕೆ ಮಾಡುವ ಅಂಗಗಳು, ಝೀರೋ ಟ್ರಾಫಿಕ್‌ನಲ್ಲಿ ಆಂಬುಲೆನ್ಸ್ ಓಡಿಸಿ ತಲುಪಿಸುವ ಅಂಗಗಳು ಬಹುಮಟ್ಟಿಗೆ ಈ ದಾರಿಯಿಂದಲೇ ಬರುತ್ತವೆ. ಹೃದಯ ನಿಂತ ದಾನಿಗಳಿಂದ ಚಂಡೀಗಢದ ಪಿಜಿಐ ಆಸ್ಪತ್ರೆಯಂಥ ಕಡೆ ಕಿಡ್ನಿ ಪಡೆದಿದ್ದಾರೆ, ಆದರೆ ನಮ್ಮ ದೇಶದಲ್ಲಿ ಇದಿನ್ನೂ ಅಪರೂಪ. ಮುಖ್ಯ ಕಾರಣ ವೆಂಟಿಲೇಟರ್ ತೆಗೆಯುವ ತೀರ್ಮಾನವೇ ಇಲ್ಲಿ ಕಷ್ಟ. ಘನತೆಯಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ, 2023ರಲ್ಲಿ ಅದರ ವಿಧಾನವನ್ನು ಸರಳ ಮಾಡಿತು. ಅದನ್ನು ಆಸ್ಪತ್ರೆಗಳಲ್ಲಿ ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಅದು ದಾನದ ಬಗ್ಗೆ ಅಲ್ಲ, ಆಗಬಾರದು ಕೂಡ. ರೋಗಿಯ ಕೊನೆಯ ದಿನಗಳ ತೀರ್ಮಾನ ರೋಗಿಗಾಗಿಯೇ ಆಗಬೇಕು. ಆ ದಾರಿ ಗಟ್ಟಿಯಾದ ಮೇಲಷ್ಟೇ ಇನ್ನೊಂದರ ಮಾತು.

ಮಿದುಳು ನಿಷ್ಕ್ರಿಯವಾದಾಗ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: “ಎದೆ ಇನ್ನೂ ಬಡ್ಕೋತಿದೆಯಲ್ಲ ಡಾಕ್ಟ್ರೇ, ಹೋಗ್ಬಿಟ್ರು ಅಂತ ಹೆಂಗೆ ಹೇಳ್ತೀರಿ?” ಅದು ಅಜ್ಞಾನವಲ್ಲ. ಬಿಸಿಯಾಗಿರುವ ಕೈ ಹಿಡಿದುಕೊಂಡು ಕೂತವರಿಗೆ ಅದನ್ನು ನಂಬುವುದು ನಿಜಕ್ಕೂ ಕಷ್ಟ. ಹೃದಯ ನಿಂತ ಮೇಲಿನ ದಾನದಲ್ಲಿ ಆ ಗೊಂದಲ ಇಲ್ಲ. ನಮ್ಮ ಅಜ್ಜ ಅಜ್ಜಿಯರು ಗುರುತಿಸುತ್ತಿದ್ದ ಸಾವೇ ಅದು. ಆದರೆ ಅಲ್ಲಿ ಬೇರೆ ಕಷ್ಟ ಇದೆ. ಬಾಯಿಗೆ ನೀರು ಬಿಟ್ಟು, ತಲೆ ಸವರಿ, ಅತ್ತು ಮುಗಿಸುವ ಮೊದಲೇ ತಂಡ ಬಾಗಿಲಲ್ಲಿ ಕಾಯುತ್ತಿರುತ್ತೆ. ಐದು ನಿಮಿಷ ಬಹಳ ಚಿಕ್ಕದು.

ಇಟಲಿಯ ಕಾನೂನು ಐದು ನಿಮಿಷಕ್ಕೆ ಒಪ್ಪುವುದಿಲ್ಲ. ಅಲ್ಲಿ ಇಸಿಜಿಯ ಗೆರೆ 20 ನಿಮಿಷ ನೇರವಾಗಿ ಇರಲೇಬೇಕು. ಲಿವರ್, ಕಿಡ್ನಿಗಳಿಗೆ ಅದು ತುಂಬಾ ಉದ್ದ, ಅವನ್ನು ಉಳಿಸಲು ಅಲ್ಲಿನವರು ಬೇರೆ ಯಂತ್ರಗಳ ಮೊರೆ ಹೋಗಬೇಕಾಯಿತು. ಶ್ವಾಸಕೋಶ ಮಾತ್ರ ತನ್ನೊಳಗಿನ ಗಾಳಿಯನ್ನು ಹಿಡಿದುಕೊಂಡು ಆ 20 ನಿಮಿಷವನ್ನೂ ತಾಳಿಕೊಳ್ಳುತ್ತೆ. ಅಷ್ಟು ಹೊತ್ತು ಮನೆಯವರು ಪಕ್ಕದಲ್ಲೇ ಕೂತಿರಬಹುದು.